ನೆತ್ತರು ಬೆರೆಯಿತು, ನುಡಿ ಉಳಿಯಿತು: ಹಂಗೇರಿಯ ಸಾವಿರ ವರ್ಷ

ಪ್ರತಿವರ್ಷ ಆಗಸ್ಟ್ 20ರಂದು ಬುಡಾಪೆಸ್ಟ್ ನಗರದ ಸಂತ ಇಷ್ಟ್ವಾನ್ ಬೆಸಿಲಿಕಾದ ಮುಂದೆ ಜನ ಕಿಕ್ಕಿರಿದು ಸೇರುತ್ತಾರೆ. ಚರ್ಚಿನ ಒಳಗಿನಿಂದ ಚಿನ್ನದ ಕೆಲಸದ ಗಾಜಿನ ಪೆಟ್ಟಿಗೆಯೊಂದು ಮೆರವಣಿಗೆಯಲ್ಲಿ ಹೊರಬರುತ್ತದೆ. ಅದರೊಳಗೆ ಒಣಗಿ ಕಪ್ಪಾದ ಒಂದು ಮುಷ್ಟಿ. ಸಾವಿರ ವರ್ಷದ ಹಿಂದೆ ಆಳಿದ ದೊರೆ ಇಷ್ಟ್ವಾನನ ಬಲಗೈ ಅದು ಎಂಬುದು ಜನರ ನಂಬಿಕೆ. ಆ ವರ್ಷದ ಹೊಸ ಗೋಧಿಯಿಂದ ಮಾಡಿದ ಬ್ರೆಡ್ಡಿಗೆ ಪಾದ್ರಿಗಳು ಆಶೀರ್ವಾದ ಮಾಡುತ್ತಾರೆ. ಕತ್ತಲಾದ ಮೇಲೆ ಡ್ಯಾನ್ಯೂಬ್ ನದಿಯ ಮೇಲೆ ಬಾಣಬಿರುಸು.

ಈ ಹಬ್ಬಕ್ಕೆ ಸೇರಿದವರು ಆಡುವ ಮಾತು ಅಕ್ಕಪಕ್ಕದ ಯಾವ ದೇಶದವರಿಗೂ ಅರ್ಥವಾಗುವುದಿಲ್ಲ. ಪಶ್ಚಿಮಕ್ಕೆ ಜರ್ಮನ್, ಪೂರ್ವಕ್ಕೆ ರೊಮೇನಿಯನ್, ಉತ್ತರ ದಕ್ಷಿಣಗಳಲ್ಲಿ ಸ್ಲಾವ್ ಭಾಷೆಗಳು. ನಡುವೆ ಇವರು ಒಂಟಿ. ಎಲ್ಲಿಂದ ಬಂದರು? ನಾಲ್ಕು ದಿಕ್ಕಿನಿಂದಲೂ ದಾಳಿಗೆ ತೆರೆದುಕೊಂಡ ಬಯಲಿನಲ್ಲಿ ಇಷ್ಟು ಕಾಲ ಹೇಗೆ ಉಳಿದರು?

ಹೂಣರ ಮಕ್ಕಳಲ್ಲ

ಹಂಗೇರಿ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ಹೂಣರು ನೆನಪಾಗುತ್ತಾರೆ. ಹೂಣರ ದೊರೆ ಅಟಿಲನ ವಂಶಸ್ಥರೇ ಹಂಗೇರಿಯನ್ನರು ಎಂಬ ಮಾತು ಯುರೋಪಿನಲ್ಲೂ ಬಹುಕಾಲ ಚಲಾವಣೆಯಲ್ಲಿತ್ತು. 1280ರ ದಶಕದಲ್ಲಿ ಕೇಜಾ ಊರಿನ ಶಿಮೋನ್ ಎಂಬ ಆಸ್ಥಾನದ ಪಾದ್ರಿ ಬರೆದ ಇತಿಹಾಸ ಈ ಕಥೆಗೆ ಗಟ್ಟಿ ರೂಪ ಕೊಟ್ಟಿತು. ಹುನೋರ್ ಮತ್ತು ಮಾಗೋರ್ ಎಂಬ ಅಣ್ಣತಮ್ಮಂದಿರು ಮಾಯಾಜಿಂಕೆಯನ್ನು ಬೆನ್ನಟ್ಟಿ ಹೊಸ ನಾಡು ಕಂಡರು, ಒಬ್ಬನ ಸಂತಾನ ಹೂಣರು, ಇನ್ನೊಬ್ಬನದು ಮಗ್ಯಾರರು ಎಂಬುದು ಕಥೆ. ಹಂಗೇರಿಯನ್ನರು ತಮ್ಮನ್ನು ಕರೆದುಕೊಳ್ಳುವುದು ಮಗ್ಯಾರರೆಂದೇ.

ಕಥೆ ಸೊಗಸಾಗಿದೆ, ಆದರೆ ಕಾಲ ಹೊಂದುವುದಿಲ್ಲ. ಅಟಿಲ ಸತ್ತದ್ದು 453ರಲ್ಲಿ. ಅವನ ಸಾಮ್ರಾಜ್ಯ ಕೆಲವೇ ವರ್ಷಗಳಲ್ಲಿ ಚೂರಾಯಿತು. ಮಗ್ಯಾರರು ಡ್ಯಾನ್ಯೂಬ್ ತೀರಕ್ಕೆ ಬಂದದ್ದು ಅದಾಗಿ 440 ವರ್ಷಗಳ ಮೇಲೆ. ಹಂಗೇರಿ ಎಂಬ ಹೆಸರು ಕೂಡ ಹೂಣರಿಂದ ಬಂದದ್ದಲ್ಲ, ಓನೋಗುರ್ ಎಂಬ ತುರ್ಕಿ ಬುಡಕಟ್ಟುಗಳ ಕೂಟದಿಂದ ಬಂದದ್ದು ಎಂಬುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ.

ನುಡಿಯ ನೆಂಟರು

ಮೂಲದ ಸುಳಿವು ಸಿಕ್ಕಿದ್ದು ಭಾಷೆಯಲ್ಲಿ. 1769ರಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ಹಾಯುವುದನ್ನು ನೋಡಲು ಇಬ್ಬರು ಜೆಸ್ಯೂಟ್ ಪಾದ್ರಿಗಳು ನಾರ್ವೆಯ ಉತ್ತರ ತುದಿಯ ವಾರ್ಡೊ ದ್ವೀಪಕ್ಕೆ ಹೋಗಿದ್ದರು. ಒಬ್ಬರು ಖಗೋಳಜ್ಞ ಮ್ಯಾಕ್ಸಿಮಿಲಿಯನ್ ಹೆಲ್. ಇನ್ನೊಬ್ಬರು ಹಂಗೇರಿಯ ಯಾನೋಶ್ ಶಾಯ್ನೋವಿಚ್. ಅಲ್ಲಿನ ಸಾಮಿ ಜನರ ಮಾತನ್ನು ಗಮನವಿಟ್ಟು ಕೇಳಿದ ಶಾಯ್ನೋವಿಚ್, ಅದಕ್ಕೂ ತಮ್ಮ ತಾಯ್ನುಡಿಗೂ ನಂಟಿದೆ ಎಂದು 1770ರಲ್ಲಿ ಪುಸ್ತಕವನ್ನೇ ಬರೆದರು. ಶುಕ್ರನನ್ನು ನೋಡಲು ಹೋದವರು ಭಾಷಾಶಾಸ್ತ್ರಕ್ಕೆ ಹೊಸ ದಾರಿ ತೋರಿಸಿ ಬಂದರು.

ಸ್ವದೇಶದ ಶ್ರೀಮಂತರಿಗೆ ಇದು ಹಿಡಿಸಲಿಲ್ಲ. ಅಟಿಲನಂಥ ವೀರನನ್ನು ಬಿಟ್ಟು, ಮೀನು ಹಿಡಿದು ಬದುಕುವ ಉತ್ತರದ ಬಡ ಜನರನ್ನು ನೆಂಟರೆಂದು ಒಪ್ಪುವುದು ಹೇಗೆ ಎಂದು ಸಿಟ್ಟಾದರು. ಆದರೆ ಮುಂದಿನ ಸಂಶೋಧನೆಗಳೆಲ್ಲ ಶಾಯ್ನೋವಿಚ್ ಹಿಡಿದ ದಾರಿಯನ್ನೇ ಎತ್ತಿಹಿಡಿದವು. ಹಂಗೇರಿಯನ್ ಭಾಷೆ ಉರಾಲಿಕ್ ಕುಟುಂಬದ್ದು. ಫಿನ್ನಿಷ್, ಎಸ್ಟೋನಿಯನ್ ಅದರ ದೂರದ ಬಂಧುಗಳು. ಹತ್ತಿರದವು ಖಾಂತಿ ಮತ್ತು ಮಾನ್ಸಿ. ಇವನ್ನು ಆಡುವ ಸಣ್ಣ ಸಮುದಾಯಗಳು ಇರುವುದು ಉರಾಲ್ ಪರ್ವತದಾಚೆ, ಸೈಬೀರಿಯಾದ ಓಬ್ ನದಿಯ ಸೀಮೆಯಲ್ಲಿ.

ನೆಂಟಸ್ತನದ ನೆನಪು ಮಗ್ಯಾರರಿಗೇ ಒಂದು ಕಾಲಕ್ಕೆ ಇತ್ತು. 1235ರಲ್ಲಿ ಜೂಲಿಯನ್ ಎಂಬ ಡೊಮಿನಿಕನ್ ಸನ್ಯಾಸಿ ಪೂರ್ವಕ್ಕೆ ಹೊರಟು ವೋಲ್ಗಾ ನದಿಯ ಸೀಮೆಯಲ್ಲಿ ತನ್ನ ಮಾತು ತಿಳಿಯುವ ಜನರನ್ನು ಕಂಡ. ವಲಸೆಯ ಕಾಲದಲ್ಲಿ ಹಿಂದೆ ಉಳಿದವರು ಅವರು. ಮರಳಿ ಬರುವಾಗ ಮಂಗೋಲರು ಪಶ್ಚಿಮಕ್ಕೆ ನುಗ್ಗಲಿದ್ದಾರೆ ಎಂಬ ಸುದ್ದಿಯನ್ನೂ ತಂದ. ಎರಡನೆಯ ಸಲ ಹೊರಟಾಗ ಆ ನಾಡನ್ನು ಮಂಗೋಲರು ಆಗಲೇ ಹಾಳುಗೆಡವಿದ್ದರು.

ಬೇರು ಹುಡುಕುತ್ತ ಲಡಾಖಿಗೆ

ಈ ಹುಡುಕಾಟದ ಒಂದು ಎಳೆ ಭಾರತಕ್ಕೂ ಬಂದಿದೆ. ಟ್ರಾನ್ಸಿಲ್ವೇನಿಯಾದ ಕೊರೊಶ್ ಎಂಬ ಹಳ್ಳಿಯಲ್ಲಿ 1784ರಲ್ಲಿ ಹುಟ್ಟಿದ ಶಾಂದೋರ್ ಚೋಮಾ, ಮಗ್ಯಾರರ ಮೂಲ ನೆಲೆ ಮಧ್ಯ ಏಷ್ಯಾದಲ್ಲಿದೆ ಎಂದು ನಂಬಿ 1819ರಲ್ಲಿ ಮನೆ ಬಿಟ್ಟರು. ಕೈಯಲ್ಲಿ ದುಡ್ಡಿಲ್ಲ, ಬಹಳಷ್ಟು ದಾರಿಯನ್ನು ಕಾಲ್ನಡಿಗೆಯಲ್ಲೇ ಸವೆಸಿದರು. ಟೆಹರಾನ್, ಬುಖಾರಾ, ಕಾಬೂಲ್, ಲಾಹೋರ್ ದಾಟಿ 1822ರಲ್ಲಿ ಲೇಹ್ ತಲುಪಿದರು. ಮುಂದಿನ ದಾರಿ ಮುಚ್ಚಿತ್ತು. ಆಗ ಭೇಟಿಯಾದ ಕಂಪನಿ ಸರಕಾರದ ಅಧಿಕಾರಿ ವಿಲಿಯಂ ಮೂರ್‌ಕ್ರಾಫ್ಟ್ ಟಿಬೆಟನ್ ಕಲಿಯುವಂತೆ ಹುರಿದುಂಬಿಸಿದರು.

ಚೋಮಾ ಝನ್‌ಸ್ಕಾರ್ ಕಣಿವೆಯ ಝಂಗ್ಲಾದಲ್ಲಿ ಲಾಮಾ ಒಬ್ಬರ ಬಳಿ ಕೂತು, ಬೆಂಕಿಯ ಕಾವೂ ಇಲ್ಲದ ಪುಟ್ಟ ಕೋಣೆಯಲ್ಲಿ ಚಳಿಗಾಲ ಕಳೆದು ಟಿಬೆಟನ್ ಗ್ರಂಥಗಳನ್ನು ಓದಿದರು. 1834ರಲ್ಲಿ ಅವರ ಟಿಬೆಟನ್–ಇಂಗ್ಲಿಷ್ ನಿಘಂಟು ಮತ್ತು ವ್ಯಾಕರಣ ಕಲ್ಕತ್ತೆಯಲ್ಲಿ ಅಚ್ಚಾದವು. ಆಧುನಿಕ ಟಿಬೆಟ್ ಅಧ್ಯಯನಕ್ಕೆ ಅಡಿಗಲ್ಲು ಹಾಕಿದವರು ಅವರೇ. ಆದರೂ ಮೂಲ ನೆಲೆಯ ಹಂಬಲ ಬಿಡಲಿಲ್ಲ. ಲ್ಹಾಸಾಗೆ ಹೊರಟವರು ದಾರಿಯಲ್ಲಿ ಮಲೇರಿಯಾ ತಗುಲಿ 1842ರ ಏಪ್ರಿಲ್ 11ರಂದು ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಇಂದಿಗೂ ಅಲ್ಲಿದೆ. ಅವರು ಹುಡುಕಿದ ದಿಕ್ಕು ತಪ್ಪಾಗಿತ್ತು, ನಿಜ. ಆದರೆ ತನ್ನ ಜನರ ಬೇರು ಹುಡುಕಲು ಹೊರಟು ಇನ್ನೊಂದು ಜನರ ಜ್ಞಾನಭಂಡಾರವನ್ನು ಜಗತ್ತಿಗೆ ತೆರೆದಿಟ್ಟ ಆ ಬದುಕನ್ನು ಸೋಲು ಎನ್ನಲು ನನಗೆ ಮನಸ್ಸು ಬಾರದು.

ಕುದುರೆ ಏರಿ ಬಂದವರು

ಉರಾಲ್ ಸೀಮೆಯಿಂದ ಹೊರಟ ಮಗ್ಯಾರರು ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿಗೆ ಬಂದು ನೆಲೆಸಿದರು. ಅಲ್ಲಿ ಖಜಾರರೆಂಬ ತುರ್ಕಿ ಜನರ ಪ್ರಭಾವ ಜೋರಾಗಿತ್ತು. ಸುತ್ತಲಿನ ತುರ್ಕಿ ಜನರಿಂದ ಬೇಸಾಯ, ಆಡಳಿತದ ರೀತಿ, ನೂರಾರು ಪದಗಳನ್ನು ಕಲಿತರು. ಬೈಜಾಂಟಿಯಂನ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ 950ರ ಸುಮಾರಿಗೆ ಮಗನಿಗಾಗಿ ಬರೆಸಿದ ರಾಜನೀತಿಯ ಗ್ರಂಥದಲ್ಲಿ ಇವರ ಏಳು ಬಣಗಳ ಹೆಸರಿದೆ. ಖಜಾರರ ವಿರುದ್ಧ ಬಂಡೆದ್ದ ಕಬಾರರು ಎಂಟನೆಯವರಾಗಿ ಸೇರಿಕೊಂಡರು.

895ರ ಸುಮಾರಿಗೆ ಪೆಚೆನೆಗ್ ಎಂಬ ಇನ್ನೊಂದು ಅಲೆಮಾರಿ ಪಡೆ ಹಿಂದಿನಿಂದ ಎರಗಿತು. ಮಗ್ಯಾರರು ಆರ್ಪಾದ್‌ನ ಮುಂದಾಳತ್ವದಲ್ಲಿ ಕಾರ್ಪೇಥಿಯನ್ ಪರ್ವತದ ಕಣಿವೆಗಳನ್ನು ದಾಟಿ ಇಂದಿನ ಹಂಗೇರಿಯ ಬಯಲಿಗೆ ಇಳಿದರು. ಅದು ಖಾಲಿ ಜಾಗವಾಗಿರಲಿಲ್ಲ. ಸ್ಲಾವರು ಇದ್ದರು, ಅವಾರ್ ಸಾಮ್ರಾಜ್ಯದ ಅಳಿದುಳಿದ ಜನರೂ ಇದ್ದರು.

ಆಗಿನ ಸಮಾಧಿಗಳ ಮೂಳೆಗಳಿಂದ ತೆಗೆದ ಡಿಎನ್‌ಎ ಪರೀಕ್ಷೆಗಳು ಬಂದವರಲ್ಲಿ ಉರಾಲ್ ಮತ್ತು ಸೈಬೀರಿಯಾ ಕಡೆಯ ಅಂಶವನ್ನು ತೋರಿಸಿವೆ. ಇಂದಿನ ಹಂಗೇರಿಯನ್ನರಲ್ಲಿ ಆ ಅಂಶ ಅತ್ಯಲ್ಪ. ಮೈಕಟ್ಟಿನಲ್ಲೂ ರಕ್ತದಲ್ಲೂ ಅವರು ನೆರೆಯ ಸ್ಲೋವಾಕರಿಗೆ, ಆಸ್ಟ್ರಿಯನ್ನರಿಗೆ ಹತ್ತಿರದವರು. ಬಂದವರು ಕಡಿಮೆ, ಇದ್ದವರು ಹೆಚ್ಚು. ಆದರೂ ಗೆದ್ದದ್ದು ಬಂದವರ ಭಾಷೆ. ಈ ಜನರ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದು.

ವಾಯ್ಕ್ ಇಷ್ಟ್ವಾನನಾದ

ಮುಂದಿನ ಅರ್ಧ ಶತಮಾನ ಯುರೋಪಿಗೆ ಇವರೊಂದು ದುಃಸ್ವಪ್ನ. ಬವೇರಿಯಾ, ಇಟಲಿ, ಫ್ರಾನ್ಸ್‌ಗಳವರೆಗೂ ಕುದುರೆಪಡೆ ನುಗ್ಗಿ ಮಠಗಳನ್ನು ಸೂರೆ ಮಾಡಿತು. 955ರಲ್ಲಿ ಜರ್ಮನಿಯ ದೊರೆ ಒಂದನೆಯ ಆಟೊ ಲೆಕ್‌ಫೆಲ್ಡ್ ಬಯಲಿನಲ್ಲಿ ಇವರನ್ನು ಬಗ್ಗುಬಡಿದ. ಕೊಳ್ಳೆ ಹೊಡೆದು ಬದುಕುವ ಕಾಲ ಮುಗಿದಿತ್ತು. ಹುಲ್ಲುಗಾವಲಿನಿಂದ ಬಂದ ಹೂಣರೂ ಅವಾರರೂ ಇದೇ ಬಯಲಿನಲ್ಲಿ ಹೆಸರಿಲ್ಲದಂತೆ ಕರಗಿಹೋಗಿದ್ದರು. ಮಗ್ಯಾರರ ಸರದಿಯೂ ಬಂದಿತ್ತು.

ದಾರಿ ಬದಲಿಸಿದವನು ಆರ್ಪಾದ್‌ನ ವಂಶದ ಗೇಜಾ. ಪಶ್ಚಿಮದ ಚರ್ಚಿಗೆ ಬಾಗಿಲು ತೆರೆದ, ಮಗ ವಾಯ್ಕ್‌ಗೆ ಇಷ್ಟ್ವಾನ್ ಎಂಬ ಕ್ರೈಸ್ತ ಹೆಸರಿಡಿಸಿದ, ಬವೇರಿಯಾದ ರಾಜಕುಮಾರಿ ಗಿಸೆಲಾಳನ್ನು ಸೊಸೆಯಾಗಿ ತಂದ. 997ರಲ್ಲಿ ಗೇಜಾ ಸತ್ತಾಗ ಹಳೆಯ ಪದ್ಧತಿಯಂತೆ ಕುಲದ ಹಿರಿಯ ಕೊಪ್ಪಾನಿಗೆ ಪಟ್ಟ ಸಿಗಬೇಕಿತ್ತು. ಇಷ್ಟ್ವಾನ್ ಜರ್ಮನ್ ಕಾಳಗದಾಳುಗಳ ನೆರವಿನಿಂದ ಕೊಪ್ಪಾನಿಯನ್ನು ಸೋಲಿಸಿ ಕೊಲ್ಲಿಸಿದ. ಸಂತ ಎನಿಸಿಕೊಂಡವನ ರಾಜ್ಯದ ಬುಡದಲ್ಲೂ ನೆತ್ತರಿದೆ.

ಸಾವಿರದ ಇಸವಿ ಹೊರಳುವ ಹೊತ್ತಿಗೆ ಅವನಿಗೆ ಕಿರೀಟಧಾರಣೆ ಆಯಿತು. ಕಿರೀಟ ಪೋಪ್ ಎರಡನೆಯ ಸಿಲ್ವೆಸ್ಟರ್ ಅವರಿಂದ ಬಂತು ಎಂಬುದು ಪರಂಪರೆ. ಇಷ್ಟ್ವಾನ್ ಬಣಗಳ ಹಿಡಿತ ಮುರಿದು ನಾಡನ್ನು ಕೌಂಟಿಗಳಾಗಿ ವಿಂಗಡಿಸಿದ, ಎಸ್ಟರ್‌ಗೋಮ್‌ನಲ್ಲಿ ಆರ್ಚ್‌ಬಿಷಪ್ ಪೀಠ ಸ್ಥಾಪಿಸಿದ, ಹತ್ತು ಹಳ್ಳಿಗೊಂದು ಚರ್ಚು ಕಟ್ಟಬೇಕೆಂದು ಕಾನೂನು ಮಾಡಿದ. ಮಗ ಇಮ್ರೆಗಾಗಿ ಸಿದ್ಧಪಡಿಸಿದ ಉಪದೇಶಗ್ರಂಥದಲ್ಲಿ ಹೊರಗಿನಿಂದ ಬಂದವರನ್ನು ಆದರಿಸಬೇಕು, ಒಂದೇ ಭಾಷೆ ಒಂದೇ ಆಚಾರದ ರಾಜ್ಯ ದುರ್ಬಲ ಎಂಬ ಬುದ್ಧಿಮಾತಿದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಂಬತ್ತು ಶತಮಾನಗಳ ಮೇಲೆ ಅದನ್ನು ಮರೆತದ್ದಕ್ಕೆ ಹಂಗೇರಿ ದೊಡ್ಡ ಬೆಲೆ ತೆತ್ತಿತು.

ಕಿರೀಟವಿಲ್ಲದೆ ದೊರೆಯಿಲ್ಲ

ಹಂಗೇರಿಯಲ್ಲಿ ಕಿರೀಟ ಬರಿಯ ಒಡವೆಯಲ್ಲ. ಇಂದು ಪಾರ್ಲಿಮೆಂಟ್ ಭವನದಲ್ಲಿರುವ ಪವಿತ್ರ ಕಿರೀಟ ಇಷ್ಟ್ವಾನ್ ತೊಟ್ಟದ್ದಲ್ಲ. ಅದರ ಕೆಳಗಿನ ಪಟ್ಟಿ 1070ರ ದಶಕದಲ್ಲಿ ಬೈಜಾಂಟಿಯಂನಿಂದ ಬಂದದ್ದು. ಮೇಲಿನ ಶಿಲುಬೆ ಓರೆಯಾಗಿದೆ. ಹಾಗಿದ್ದರೂ ಅದನ್ನು ಇಷ್ಟ್ವಾನನ ಕಿರೀಟವೆಂದೇ ಜನ ಕಂಡರು, ಅದನ್ನು ತೊಡದವನನ್ನು ದೊರೆಯೆಂದು ಒಪ್ಪಲಿಲ್ಲ. 1301ರಲ್ಲಿ ಆರ್ಪಾದ್ ವಂಶ ನಿಂತುಹೋದಾಗ ಆಂಜೂ ಮನೆತನದ ಚಾರ್ಲ್ಸ್ ರಾಬರ್ಟ್ ಬೇರೆ ಕಿರೀಟಗಳಿಂದ ಎರಡು ಸಲ ಪಟ್ಟಾಭಿಷೇಕ ಮಾಡಿಸಿಕೊಂಡ. 1310ರಲ್ಲಿ ಈ ಕಿರೀಟ ಸಿಕ್ಕಿ ಮೂರನೆಯ ಸಲ ಪಟ್ಟವಾದ ಮೇಲೆಯೇ ಅವನಿಗೆ ಮನ್ನಣೆ.

1440ರಲ್ಲಿ ವಿಧವೆ ರಾಣಿ ಎಲಿಜಬೆತ್‌ಳ ಆಪ್ತೆ ಹೆಲೆನಾ ಕೊಟ್ಟಾನರ್ ವಿಶೆಗ್ರಾದ್ ಕೋಟೆಯಿಂದ ಇದನ್ನು ಕದ್ದು ಸಾಗಿಸಿದಳು. ಆಗಷ್ಟೇ ಹುಟ್ಟಲಿದ್ದ ರಾಜಕುಮಾರನ ತಲೆಯ ಮೇಲೆ ಅದನ್ನಿಡುವುದು ಉದ್ದೇಶ. ಆ ಸಾಹಸವನ್ನು ಆಕೆ ತಾನೇ ಬರೆದಿಟ್ಟಿದ್ದಾಳೆ. ಕಿರೀಟ ಮುಂದೆ ಹ್ಯಾಬ್ಸ್‌ಬರ್ಗ್ ದೊರೆ ಮೂರನೆಯ ಫ್ರೆಡರಿಕ್‌ನ ಕೈಸೇರಿ, ಅದನ್ನು ಬಿಡಿಸಿಕೊಳ್ಳಲು ಹಂಗೇರಿಯ ದೊರೆ ಮಥಿಯಾಸ್ 80,000 ಚಿನ್ನದ ನಾಣ್ಯ ತೆರಬೇಕಾಯಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೇನೆಯ ವಶವಾಗಿ ಫೋರ್ಟ್ ನಾಕ್ಸ್ ಖಜಾನೆ ಸೇರಿದ ಕಿರೀಟ, 1978ರ ಜನವರಿಯಲ್ಲಿ ಬುಡಾಪೆಸ್ಟಿಗೆ ಮರಳಿತು.

ನೆಲ ದೊರೆಯದ್ದಲ್ಲ, ಕಿರೀಟದ್ದು. ಕುಲೀನರೆಲ್ಲ ಆ ಕಿರೀಟದ ಅಂಗಗಳು ಎಂಬ ವಿಚಾರವನ್ನು ಇಷ್ಟ್ವಾನ್ ವೆರ್ಬೊತ್ಸಿ ಎಂಬ ನ್ಯಾಯಶಾಸ್ತ್ರಜ್ಞ 1514ರಲ್ಲಿ ಬರಹಕ್ಕಿಳಿಸಿದ. ದೊರೆ ಮಿತಿ ಮೀರಿದರೆ ಕುಲೀನರು ಎದುರಿಸಬಹುದೆಂದು 1222ರ ಸ್ವರ್ಣಶಾಸನ ಮೊದಲೇ ಹೇಳಿತ್ತು. ಆಳುವವನು ಪರದೇಶದವನಾದರೂ ರಾಜ್ಯ ನಮ್ಮದೇ ಎನ್ನುವ ಧೈರ್ಯ ಬಂದದ್ದು ಇಲ್ಲಿಂದ. ಆದರೆ ಆ ‘ನಾವು’ ಎಂಬುದರಲ್ಲಿ ರೈತರಿಗೆ ಜಾಗವಿರಲಿಲ್ಲ. ವೆರ್ಬೊತ್ಸಿ ಬರೆದ ವರ್ಷವೇ ಜಿಯೋರ್ಜ್ ದೋಜಾನ ಮುಂದಾಳತ್ವದ ರೈತ ದಂಗೆಯನ್ನು ಕ್ರೂರವಾಗಿ ಅಡಗಿಸಿ, ರೈತರನ್ನು ಭೂಮಿಗೆ ಕಟ್ಟಿಹಾಕಲಾಯಿತು.

ಎರಡು ಮಹಾ ಆಘಾತಗಳು

1241ರ ಏಪ್ರಿಲ್‌ನಲ್ಲಿ ಮುಹಿ ಬಯಲಿನಲ್ಲಿ ಮಂಗೋಲರು ಹಂಗೇರಿಯ ಸೇನೆಯನ್ನು ಪುಡಿಗಟ್ಟಿದರು. ಜೂಲಿಯನ್ ತಂದ ಎಚ್ಚರಿಕೆ ಉಪಯೋಗಕ್ಕೆ ಬರಲಿಲ್ಲ. ಆಡ್ರಿಯಾಟಿಕ್ ಕರಾವಳಿಗೆ ಓಡಿಹೋಗಿದ್ದ ನಾಲ್ಕನೆಯ ಬೇಲಾ ಮರಳಿ ಬಂದು ಕಲ್ಲಿನ ಕೋಟೆಗಳನ್ನು ಕಟ್ಟಿಸಿದ, ಅಲೆಮಾರಿ ಕುಮನ್ನರನ್ನೂ ಜರ್ಮನ್ನರನ್ನೂ ಕರೆಸಿ ಪಾಳುಬಿದ್ದ ಊರುಗಳಲ್ಲಿ ಕೂರಿಸಿದ. ನಾಡು ಚೇತರಿಸಿಕೊಂಡಿತು. 1458ರಿಂದ 1490ರವರೆಗೆ ಆಳಿದ ಮಥಿಯಾಸ್‌ನ ಬುಡಾ ಆಸ್ಥಾನದ ಗ್ರಂಥಭಂಡಾರ ಯುರೋಪಿನಲ್ಲೇ ಹೆಸರಾಗಿತ್ತು.

ಎರಡನೆಯ ಏಟಿನಿಂದ ಚೇತರಿಕೆ ಅಷ್ಟು ಸುಲಭವಾಗಲಿಲ್ಲ. 1526ರ ಆಗಸ್ಟ್ 29ರಂದು ಮೊಹಾಚ್‌ನಲ್ಲಿ ಆಟೊಮನ್ ತುರ್ಕರ ಸುಲ್ತಾನ್ ಸುಲೈಮಾನನ ಎದುರು ಹಂಗೇರಿ ಸೋತಿತು. ಇಪ್ಪತ್ತರ ಹರೆಯದ ದೊರೆ ಎರಡನೆಯ ಲೂಯಿ ಓಡುವಾಗ ಹಳ್ಳದಲ್ಲಿ ಮುಳುಗಿ ಸತ್ತ. ಸರಿಯಾಗಿ ಹದಿನೈದು ವರ್ಷಕ್ಕೆ ಬುಡಾ ಕೋಟೆಯೂ ತುರ್ಕರ ಕೈಸೇರಿತು. ನಾಡು ಮೂರು ಹೋಳು: ಪಶ್ಚಿಮ ಹ್ಯಾಬ್ಸ್‌ಬರ್ಗ್ ದೊರೆಗಳಿಗೆ, ನಡುಭಾಗ ಸುಲ್ತಾನನಿಗೆ, ಪೂರ್ವದ ಟ್ರಾನ್ಸಿಲ್ವೇನಿಯಾ ಸುಲ್ತಾನನಿಗೆ ಕಪ್ಪ ಕೊಡುವ ಸಂಸ್ಥಾನ. ಆ ಪುಟ್ಟ ಸಂಸ್ಥಾನದ ತೋರ್ದಾ ಪಟ್ಟಣದಲ್ಲಿ 1568ರಲ್ಲಿ ಸೇರಿದ ಸಭೆ, ಊರಿನವರು ತಮಗೆ ಒಪ್ಪುವ ಬೋಧಕನನ್ನು ಇಟ್ಟುಕೊಳ್ಳಬಹುದು ಎಂದು ಸಾರಿತು. ಧರ್ಮದ ಹೆಸರಿನಲ್ಲಿ ಯುರೋಪ್ ಉರಿಯುತ್ತಿದ್ದಾಗ ಬಂದ ಈ ತೀರ್ಮಾನ ದೊಡ್ಡದು.

1686ರಲ್ಲಿ ಬುಡಾ ತುರ್ಕರಿಂದ ಬಿಡುಗಡೆಯಾಯಿತು. ಆದರೆ ಒಡೆಯರು ಈಗ ವಿಯೆನ್ನಾದ ಹ್ಯಾಬ್ಸ್‌ಬರ್ಗರು. ಯುದ್ಧಗಳಿಂದ ಬರಿದಾದ ಬಯಲಿಗೆ ಜರ್ಮನ್ನರು, ಸರ್ಬರು, ಸ್ಲೋವಾಕರು, ರೊಮೇನಿಯನ್ನರು ಬಂದು ನೆಲೆಸಿದರು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಹಂಗೇರಿ ರಾಜ್ಯದಲ್ಲಿ ಮಗ್ಯಾರರು ಅರ್ಧಕ್ಕಿಂತ ಕಡಿಮೆ.

ಭಾಷೆಯ ಏಳಿಗೆ, ಭಾಷೆಯ ಹಟ

ಚಕ್ರವರ್ತಿ ಎರಡನೆಯ ಜೋಸೆಫ್ ಪವಿತ್ರ ಕಿರೀಟ ತೊಡಲೇ ಇಲ್ಲ, ಅದನ್ನು ವಿಯೆನ್ನಾದ ಖಜಾನೆಗೆ ಒಯ್ದ. ಟೋಪಿಯ ದೊರೆ ಎಂದು ಜನ ಅವನನ್ನು ಕರೆದರು. 1784ರಲ್ಲಿ ಲ್ಯಾಟಿನ್ ಬದಲು ಜರ್ಮನ್ ಭಾಷೆಯಲ್ಲಿ ಆಡಳಿತ ನಡೆಯಬೇಕೆಂದು ಅವನು ಆಜ್ಞೆ ಹೊರಡಿಸಿದ್ದೇ ತಡ, ನಾಡು ಎಚ್ಚೆತ್ತಿತು. 1790ರಲ್ಲಿ ಆಜ್ಞೆ ಹಿಂದಕ್ಕೆ ಹೋಯಿತು, ಕಿರೀಟ ಮರಳಿ ಬಂತು. ಜರ್ಮನ್ ಬೇಡವೆಂದವರು ನಮ್ಮ ಭಾಷೆ ಏಕಾಗಬಾರದು ಎಂದು ಕೇಳತೊಡಗಿದರು.

ಫೆರೆಂಸ್ ಕಜಿಂಜಿ ಮತ್ತು ಅವರ ಗೆಳೆಯರು ಸಾವಿರಾರು ಹೊಸ ಪದಗಳನ್ನು ಟಂಕಿಸಿದರು. ಕನ್ನಡದಂತೆ ಪ್ರತ್ಯಯಗಳನ್ನು ಒಂದರ ಬೆನ್ನಿಗೊಂದು ಪೋಣಿಸುವ ಭಾಷೆಯಾದ್ದರಿಂದ ಹೊಸ ಪದ ಕಟ್ಟಲು ಅದರಲ್ಲೇ ಸಾಕಷ್ಟು ಕಸುವಿತ್ತು. 1825ರಲ್ಲಿ ಕೌಂಟ್ ಇಷ್ಟ್ವಾನ್ ಸೇಚೆನಿ ವಿದ್ವತ್ ಅಕಾಡೆಮಿಗಾಗಿ ತನ್ನ ಜಮೀನಿನ ಒಂದು ವರ್ಷದ ಆದಾಯವನ್ನೇ ಕೊಡುವುದಾಗಿ ಸಭೆಯಲ್ಲಿ ಘೋಷಿಸಿದ. 1844ರಲ್ಲಿ ಹಂಗೇರಿಯನ್ ಆಡಳಿತ ಭಾಷೆಯಾಯಿತು. ಸಿರಿವಂತರು ತಮ್ಮ ನುಡಿಗಾಗಿ ಕೈ ಬಿಚ್ಚಿದ ಆ ದಿನಗಳ ಬಗ್ಗೆ ನನಗೆ ತುಂಬು ಗೌರವವಿದೆ.

1848ರ ಮಾರ್ಚ್ 15ರಂದು ಪೆಸ್ಟ್ ನಗರದಲ್ಲಿ ಕ್ರಾಂತಿ ಸಿಡಿಯಿತು. ಕವಿ ಶಾಂದೋರ್ ಪೆತೋಫಿ, ನಾಯಕ ಲಾಯೋಶ್ ಕೊಶೂತ್ ಮುಂಚೂಣಿಯಲ್ಲಿದ್ದರು. ಜೀತ ರದ್ದಾಯಿತು, ಜವಾಬ್ದಾರಿ ಸರಕಾರ ಬಂತು. ಆದರೆ ವಿಯೆನ್ನಾದಿಂದ ತಮಗೆ ಬೇಕೆಂದು ಕೇಳಿದ ಹಕ್ಕನ್ನು ತಮ್ಮಲ್ಲಿದ್ದ ಕ್ರೊಯೇಷಿಯನ್ನರಿಗೆ, ಸರ್ಬರಿಗೆ, ರೊಮೇನಿಯನ್ನರಿಗೆ ಕೊಡಲು ಮಗ್ಯಾರರು ಒಪ್ಪಲಿಲ್ಲ. ಅವರಲ್ಲಿ ಹೆಚ್ಚಿನವರು ಚಕ್ರವರ್ತಿಯ ಪಕ್ಷ ಹಿಡಿದರು. ಅಲ್ಪಸಂಖ್ಯಾತರ ಹಕ್ಕಿನ ಕಾನೂನು ಬಂದದ್ದು 1849ರ ಜುಲೈ ಕೊನೆಗೆ. ಚಕ್ರವರ್ತಿಯ ನೆರವಿಗೆ ಬಂದ ರಷ್ಯಾದ ಸೇನೆ ಆಗಲೇ ಒಳನುಗ್ಗಿತ್ತು, ಎರಡೇ ವಾರದಲ್ಲಿ ಹಂಗೇರಿ ಶರಣಾಯಿತು. ಅಕ್ಟೋಬರ್ 6ರಂದು ಅರಾದ್ ಕೋಟೆಯಲ್ಲಿ 13 ಸೇನಾನಾಯಕರನ್ನು ಕೊಂದರು.

1867ರ ಒಪ್ಪಂದದಿಂದ ಆಸ್ಟ್ರಿಯಾ–ಹಂಗೇರಿ ಎಂಬ ಜೋಡಿ ರಾಜ್ಯ ಹುಟ್ಟಿ, ಒಳಾಡಳಿತ ಹಂಗೇರಿಯ ಕೈಗೇ ಬಂತು. ಮರುವರ್ಷದ ಕಾನೂನು ಅಲ್ಪಸಂಖ್ಯಾತ ಭಾಷೆಗಳಿಗೆ ಸಾಕಷ್ಟು ಉದಾರವಾಗಿತ್ತು, ಜಾರಿಗೆ ಮಾತ್ರ ಬರಲಿಲ್ಲ. ಮಗ್ಯಾರರು ನಾಡಿಗೆ ಬಂದು ಸಾವಿರ ವರ್ಷವಾದ ಸಂಭ್ರಮವನ್ನು 1896ರಲ್ಲಿ ಬುಡಾಪೆಸ್ಟ್ ಹೊಸ ಮೆಟ್ರೊ ತೆರೆದು ಆಚರಿಸಿತು. 1907ರಲ್ಲಿ ಶಿಕ್ಷಣ ಸಚಿವ ಆಲ್ಬರ್ಟ್ ಅಪ್ಪೋನಿ ತಂದ ಕಾಯ್ದೆ, ಸ್ಲೋವಾಕ್ ಮತ್ತು ರೊಮೇನಿಯನ್ ಶಾಲೆಗಳ ಮೇಲೆ ಹಂಗೇರಿಯನ್ ಹೇರಿತು. ಜರ್ಮನ್ ಹೇರಿಕೆಯ ನೋವು ಉಂಡವರೇ ಹೀಗೆ ಮಾಡಿದರು.

ಟ್ರಿಯಾನಾನ್

ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಯ ಪರವಾಗಿ 1920ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ವಾದಿಸಿದವರು ಅದೇ ಅಪ್ಪೋನಿ. ಫ್ರೆಂಚ್, ಇಂಗ್ಲಿಷ್, ಇಟಾಲಿಯನ್ ಮೂರರಲ್ಲೂ ಮಾತಾಡಿ, ವಿವಾದಿತ ಪ್ರದೇಶಗಳಲ್ಲಿ ಜನಮತ ಕೇಳಿ ಎಂದರು. ಗೆದ್ದವರು ಕಿವಿಗೊಡಲಿಲ್ಲ. ಜೂನ್ 4ರಂದು ಸಹಿಯಾದ ಟ್ರಿಯಾನಾನ್ ಒಪ್ಪಂದ ರಾಜ್ಯದ ಮೂರನೇ ಎರಡಕ್ಕೂ ಹೆಚ್ಚು ನೆಲವನ್ನು ಕಿತ್ತುಕೊಂಡಿತು. ಕ್ರೊಯೇಷಿಯಾ ಬಿಟ್ಟು ಲೆಕ್ಕ ಹಾಕಿದರೆ ಜನಸಂಖ್ಯೆ 1 ಕೋಟಿ 82 ಲಕ್ಷದಿಂದ ಸುಮಾರು 76 ಲಕ್ಷಕ್ಕೆ ಇಳಿಯಿತು.

ಹೋದವರಲ್ಲಿ ಹೆಚ್ಚಿನವರು ಮಗ್ಯಾರರಲ್ಲ. ಅವರು ತಮ್ಮವರ ರಾಜ್ಯ ಸೇರಿದ್ದು ನ್ಯಾಯವೇ. ಆದರೆ ಮಗ್ಯಾರ್ ಮಾತಾಡುವ 30 ಲಕ್ಷಕ್ಕೂ ಹೆಚ್ಚು ಜನ ಗಡಿಯಾಚೆ ಸಿಕ್ಕಿಕೊಂಡರು. ಹಲವರ ಊರುಗಳು ಹೊಸ ಗಡಿಯ ಪಕ್ಕದಲ್ಲೇ ಇದ್ದವು. ಜನಮತ ನಡೆದದ್ದು ಶೋಪ್ರೋನ್ ಪಟ್ಟಣ ಮತ್ತು ಸುತ್ತಲ ಹಳ್ಳಿಗಳಲ್ಲಿ ಮಾತ್ರ. 1921ರಲ್ಲಿ ಅಲ್ಲಿನವರು ಹಂಗೇರಿಯಲ್ಲೇ ಉಳಿದರು.

ಕಳೆದದ್ದನ್ನು ಮರಳಿ ಪಡೆಯುವ ಹಂಬಲ ಹಂಗೇರಿಯನ್ನು ಹಿಟ್ಲರನ ತೆಕ್ಕೆಗೆ ತಳ್ಳಿತು. 1938ರಿಂದ 1941ರ ನಡುವೆ ಒಂದಿಷ್ಟು ನೆಲ ಸಿಕ್ಕಿತು, ಯುದ್ಧದ ನಂತರ ಮತ್ತೆ ಹೋಯಿತು. 1944ರ ಮೇ ಮಧ್ಯದಿಂದ ಎರಡು ತಿಂಗಳೊಳಗೆ 4,30,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಕಳಿಸಲಾಯಿತು, ಬಹುಪಾಲು ಆಶ್‌ವಿಟ್ಜ್‌ಗೆ. ಅವರನ್ನು ಮನೆಮನೆಯಿಂದ ಹೊರಗೆಳೆದವರು ಹಂಗೇರಿಯದೇ ಪೊಲೀಸರು. ಈ ದೇಶದ ಚರಿತ್ರೆ ಹೇಳುವವರು ಟ್ರಿಯಾನಾನ್ ಬಗ್ಗೆ ಅತ್ತು ಇದನ್ನು ಬಿಟ್ಟರೆ ಅದು ಪೂರ್ತಿ ಸತ್ಯವಲ್ಲ.

ಗಡಿಯಾಚೆಯ ಮನೆಮಾತು

ಯುದ್ಧದ ನಂತರ ಸೋವಿಯತ್ ಹಿಡಿತ. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್ ಬಂಡೆದ್ದಿತು, ಟ್ಯಾಂಕುಗಳು ಬಂದವು, ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಬಂಡಾಯದ ದಿನಗಳಲ್ಲಿ ಪ್ರಧಾನಿಯಾಗಿದ್ದ ಇಮ್ರೆ ನಾಜ್ ಅವರನ್ನು 1958ರ ಜೂನ್ 16ರಂದು ಗಲ್ಲಿಗೇರಿಸಿದರು. 31 ವರ್ಷಗಳ ಮೇಲೆ ಅದೇ ದಿನ ಅವರಿಗೆ ಗೌರವದ ಮರುಸಂಸ್ಕಾರ ನಡೆಯಿತು, ಕೆಲವೇ ತಿಂಗಳಲ್ಲಿ ಗಣರಾಜ್ಯದ ಘೋಷಣೆಯೂ ಆಯಿತು. 2004ರಲ್ಲಿ ಹಂಗೇರಿ ಯುರೋಪಿಯನ್ ಒಕ್ಕೂಟ ಸೇರಿತು.

ಇಂದು ದೇಶದ ಜನಸಂಖ್ಯೆ 96 ಲಕ್ಷದ ಆಸುಪಾಸು. ಗಡಿಯಾಚೆಯ ಮಗ್ಯಾರರಿಗೆ ಸುಲಭವಾಗಿ ಪೌರತ್ವ ನೀಡುವ ಕಾನೂನನ್ನು 2010ರಲ್ಲಿ ಸಂಸತ್ತು ಒಪ್ಪಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಪಡೆದಿದ್ದಾರೆ. ಸ್ಲೋವಾಕಿಯಾ ಇದನ್ನು ಸಹಿಸದೆ, ಬೇರೆ ದೇಶದ ಪೌರತ್ವ ಪಡೆದವರು ತನ್ನ ಪೌರತ್ವ ಕಳೆದುಕೊಳ್ಳುತ್ತಾರೆ ಎಂದು ಕಾನೂನು ಮಾಡಿತು.

ಪಾಸ್‌ಪೋರ್ಟ್ ಹಂಚುವುದರಿಂದ ಈ ಗಾಯ ಮಾಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಗಡಿ ಎಲ್ಲೇ ಇರಲಿ, ಮನೆಮಾತಿನಲ್ಲಿ ಓದುವ ಶಾಲೆ, ಕೇಳುವ ಕಚೇರಿ, ಆಡುವ ರಂಗಭೂಮಿ ಇದ್ದರೆ ಒಂದು ಜನ ಉಳಿಯುತ್ತದೆ. ದೊರೆ ಮಥಿಯಾಸ್ ಹುಟ್ಟಿದ ಕ್ಲುಜ್ ನಗರ ಇಂದು ರೊಮೇನಿಯಾದಲ್ಲಿದೆ. 1792ರಲ್ಲಿ ಅಲ್ಲಿ ಆರಂಭವಾದ ಹಂಗೇರಿಯನ್ ನಾಟಕ ತಂಡದ ಪರಂಪರೆ ಈಗಲೂ ನಡೆದಿದೆ. ಆ ಊರಿನ ಬಾಬೆಷ್–ಬೋಯಾಯಿ ವಿಶ್ವವಿದ್ಯಾಲಯದಲ್ಲಿ ರೊಮೇನಿಯನ್, ಹಂಗೇರಿಯನ್, ಜರ್ಮನ್ ಮೂರೂ ಭಾಷೆಗಳಲ್ಲಿ ಪದವಿ ಪಾಠಗಳಿವೆ.